ಹಳೆ ಹ್ಯಾಚ್‌ಬ್ಯಾಕ್ ಕಾರನ್ನು ಟ್ರ್ಯಾಕ್ ಡೇಗೆ ಸಿದ್ಧ ಮಾಡುವುದು ಹೇಗೆ? ಮೊದಲು ಬ್ರೇಕ್, ಕೊನೆಗೆ ಇಂಜಿನ್

ಮನೆಯಲ್ಲಿ ಹದಿನೈದು ವರ್ಷದ ಪುಟ್ಟ ಹ್ಯಾಚ್‌ಬ್ಯಾಕ್ ಇದೆ. ದಿನಾ ಓಡಿಸುವುದು ಕಮ್ಮಿಯಾಗಿದೆ, ಮಾರಿದರೆ ಹೇಳಿಕೊಳ್ಳುವಂಥ ಬೆಲೆ ಬರುವುದಿಲ್ಲ, ಆದರೂ ಸ್ಟಿಯರಿಂಗ್ ಹಿಡಿದರೆ ಇವತ್ತಿಗೂ ಖುಷಿ ಕೊಡುತ್ತದೆ. ಇಂಥ ಕಾರನ್ನು ಒಂದು ದಿನ ಟ್ರ್ಯಾಕ್‌ಗೆ ಇಳಿಸಬೇಕು ಅಂತ ಅನ್ನಿಸಿದ್ದರೆ ಖಂಡಿತ ಇಳಿಸಿ. ರೇಸ್ ಟ್ರ್ಯಾಕ್‌ನಲ್ಲಿ ನಮ್ಮ ಕಾರನ್ನೇ ತಂದು ಓಡಿಸಲು ಬಿಡುವ ದಿನವೇ ಟ್ರ್ಯಾಕ್ ಡೇ. ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆ ಕಾರು ಸಿಗುವುದು ಕಷ್ಟ. ಹಗುರ ಇರುವುದರಿಂದ ಟೈರು, ಬ್ರೇಕು ಬೇಗ ಸವೆಯುವುದಿಲ್ಲ. ಬಿಡಿಭಾಗ ಸುಲಭವಾಗಿ ಸಿಗುತ್ತವೆ. ತಪ್ಪು ಮಾಡಿದಾಗಲೂ ಭಯಂಕರ ವೇಗದಲ್ಲಿ ಇರುವುದಿಲ್ಲ.

ಆದರೆ ಹೆಚ್ಚಿನವರು ಶುರು ಮಾಡುವುದೇ ತಪ್ಪು ಕಡೆಯಿಂದ. ಏರ್ ಫಿಲ್ಟರ್, ದಪ್ಪ ಎಕ್ಸಾಸ್ಟ್, ಹಿಂದೆ ಒಂದು ಸ್ಪಾಯ್ಲರ್. ಕೆಳಗೆ ನೋಡಿದರೆ ಬ್ರೇಕ್ ಆಯಿಲ್ ಬದಲಿಸಿ ಐದು ವರ್ಷ ಆಗಿರುತ್ತದೆ, ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮ್‌ನ ರಬ್ಬರ್ ಬುಷ್ ಬಿರುಕು ಬಿಟ್ಟಿರುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಹಾಗೆ. ಟ್ರ್ಯಾಕ್‌ನಲ್ಲಿ ಹಳೆ ಕಾರು ಮಾಡಬೇಕಾದ ಕೆಲಸ ಒಂದೇ: ಇಪ್ಪತ್ತು ನಿಮಿಷ ಬಿಡುವಿಲ್ಲದೆ ಬರುವ ಬಿಸಿಯನ್ನು ತಾಳಿಕೊಳ್ಳುವುದು. ಕೆಳಗೆ ಹೇಳಿರುವುದೆಲ್ಲ ಅದರ ಸುತ್ತಲೇ ಇದೆ.

ರಸ್ತೆಯಲ್ಲಿ ಎಷ್ಟೇ ಜೋರಾಗಿ ಓಡಿಸಿದರೂ ಮಧ್ಯೆ ಮಧ್ಯೆ ಕಾರಿಗೆ ಉಸಿರಾಡಲು ಸಮಯ ಸಿಗುತ್ತದೆ. ಸಿಗ್ನಲ್ ಬರುತ್ತದೆ, ಮುಂದೆ ಲಾರಿ ಬರುತ್ತದೆ, ನಾವೇ ಕಾಲು ತೆಗೆಯುತ್ತೇವೆ. ಟ್ರ್ಯಾಕ್‌ನಲ್ಲಿ ಅದಿಲ್ಲ. ಒಂದು ಲೆಕ್ಕ ನೋಡಿ. 900 ಕೆ.ಜಿ. ತೂಕದ ಕಾರು ಗಂಟೆಗೆ 140 ಕಿ.ಮೀ. ವೇಗದಿಂದ 70ಕ್ಕೆ ಇಳಿಯುವಾಗ ಸುಮಾರು 510 ಕಿಲೋಜೂಲ್ ಶಕ್ತಿ ಬಿಸಿಯಾಗಿ ಬದಲಾಗುತ್ತದೆ. ಒಂದೂವರೆ ಲೀಟರ್ ತಣ್ಣೀರನ್ನು ಕುದಿಸುವುದಕ್ಕೆ ಅಷ್ಟು ಸಾಕು. ಒಂದೇ ಸಲ ಬ್ರೇಕ್ ಹಾಕಿದ್ದಕ್ಕೆ ಇಷ್ಟು, ಅದೂ ನಾಲ್ಕೈದು ಸೆಕೆಂಡಿನಲ್ಲಿ. ಅದರಲ್ಲಿ ಬಹುಪಾಲು ಮುಂದಿನ ಎರಡು ಪುಟ್ಟ ಡಿಸ್ಕ್‌ಗಳ ಮೇಲೆ ಬೀಳುತ್ತದೆ. ಲ್ಯಾಪಿಗೆ, ಅಂದರೆ ಟ್ರ್ಯಾಕ್‌ನ ಒಂದು ಸುತ್ತಿಗೆ, ಇಂಥ ತಿರುವು ನಾಲ್ಕಿದ್ದರೆ? ಒಮ್ಮೆ ಟ್ರ್ಯಾಕ್‌ಗೆ ಇಳಿದು ಓಡಿಸುವ ಸರದಿಗೆ, ಅಂದರೆ ಸೆಷನ್ನಿಗೆ, ಎಂಟು ಲ್ಯಾಪ್ ಆದರೆ?

ಮೊದಲು ಕಾರನ್ನು ಎತ್ತಿ ನೋಡಿ

ಏನನ್ನೂ ಕೊಳ್ಳುವ ಮೊದಲು ಒಂದು ಇಡೀ ದಿನ ಕಾರಿನ ಕೆಳಗೆ ಕಳೆಯಿರಿ. ಬರೀ ಜಾಕ್ ನಂಬಿ ಕೆಳಗೆ ಮಲಗಬೇಡಿ, ಆಕ್ಸಲ್ ಸ್ಟ್ಯಾಂಡ್ ಕೊಡಲೇಬೇಕು.

ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂತ ಆಟ ಕಂಡರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿದೆ. ಎಡಕ್ಕೆ ಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಟೈ ರಾಡ್ ಎಂಡ್ ನೋಡಿ. ಚಕ್ರವನ್ನು ಕೈಯಲ್ಲಿ ತಿರುಗಿಸಿ, ಇನ್ನೊಂದು ಕೈಯನ್ನು ಸ್ಪ್ರಿಂಗ್ ಮೇಲೆ ಇಟ್ಟರೆ ಬೇರಿಂಗ್‌ನ ಒರಟುತನ ಬೆರಳಿಗೆ ಗೊತ್ತಾಗುತ್ತದೆ. ಕಿವಿಗೆ ಕೇಳಿಸದ್ದು ಕೈಗೆ ಸಿಗುತ್ತದೆ.

ಡ್ರೈವ್ ಶಾಫ್ಟ್ ತುದಿಯ ರಬ್ಬರ್ ಬೂಟ್ ಹರಿದಿದ್ದರೆ ಅದನ್ನು ಹಾಗೇ ಬಿಡಬೇಡಿ. ಗ್ರೀಸ್ ಸಿಡಿದು ಬ್ರೇಕ್ ಮೇಲೋ ಬಿಸಿ ಎಕ್ಸಾಸ್ಟ್ ಮೇಲೋ ಬಿದ್ದರೆ ಹೊಗೆ ಏಳುತ್ತದೆ, ಬೆಂಕಿಯೂ ಹತ್ತಬಹುದು. ಇಂಜಿನ್ ಮೌಂಟ್, ಬ್ಯಾಟರಿ ಕ್ಲಾಂಪ್, ಎಲ್ಲೆಲ್ಲಿ ಆಯಿಲ್ ಜಿನುಗುತ್ತಿದೆ, ಪೆಟ್ರೋಲ್ ಪೈಪಿನ ರಬ್ಬರ್ ಒಣಗಿ ಬಿರಿದಿದೆಯಾ, ಇವೆಲ್ಲ ನೋಡಿ. ಒಬ್ಬರು ಟ್ರ್ಯಾಕ್‌ಗೆ ಆಯಿಲ್ ಚೆಲ್ಲಿದರೆ ಹಿಂದೆ ಬರುವ ಬೈಕು, ಕಾರು ಎಲ್ಲರೂ ಜಾರುತ್ತಾರೆ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆಗಿದ್ದು, ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ಗೊತ್ತಿಲ್ಲದಿದ್ದರೆ ಈಗಲೇ ಬದಲಿಸಿ. ಬೆಲ್ಟ್ ಕಿ.ಮೀ. ಮೇಲಷ್ಟೇ ಅಲ್ಲ, ವಯಸ್ಸಿನ ಮೇಲೂ ಹಾಳಾಗುತ್ತದೆ.

ಬುಷ್‌ಗಳ ಬಗ್ಗೆ ಒಂದು ಮಾತು. ಹಳೆ ಕಾರಿನಲ್ಲಿ ಲೋವರ್ ಆರ್ಮ್ ಬುಷ್, ಶಾಕ್ ಅಬ್ಸಾರ್ಬರ್, ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ) ಟಾಪ್ ಮೌಂಟ್ ಇಷ್ಟನ್ನೂ ಕಂಪನಿ ಕೊಟ್ಟಂಥದ್ದೇ ಹೊಸದು ಹಾಕಿದರೆ ಕಾರು ಎಷ್ಟು ಬದಲಾಗುತ್ತದೆ ಅಂದರೆ, ಇನ್ನೇನೂ ಮಾಡಿಫಿಕೇಶನ್ ಬೇಡ ಅನ್ನಿಸಬಹುದು. ಬ್ರೇಕ್ ಹಾಕಿದಾಗ ಮೂತಿ ಒಂದು ಕಡೆಗೆ ಎಳೆಯುವುದು, ತಿರುವಿನ ಮಧ್ಯೆ ಸ್ಟಿಯರಿಂಗ್ ಸಡಿಲ ಅನ್ನಿಸುವುದು, ಇವು ಎಷ್ಟೋ ಸಲ ಸವೆದ ರಬ್ಬರಿನ ತೊಂದರೆಗಳು ಅಷ್ಟೆ.

ಬ್ರೇಕ್: ಇಲ್ಲಿ ಚೌಕಾಸಿ ಬೇಡ

ನನ್ನ ಮೊದಲ ಟ್ರ್ಯಾಕ್ ಡೇಯಲ್ಲಿ ಎರಡನೇ ಸೆಷನ್ನಿನ ನಾಲ್ಕನೇ ಲ್ಯಾಪ್. ಉದ್ದನೆಯ ನೇರ ದಾರಿ ಮುಗಿಯುವಲ್ಲಿ ಬ್ರೇಕ್ ಒತ್ತಿದೆ, ಪೆಡಲ್ ಮೆತ್ತಗೆ ನೆಲದವರೆಗೂ ಹೋಯಿತು. ಏನೂ ಆಗಲಿಲ್ಲ. ಬೇಗ ಬೇಗ ಮೂರು ಸಲ ಒತ್ತಿದ ಮೇಲೆ ಸ್ವಲ್ಪ ಬಿಗಿ ಬಂತು, ಅಷ್ಟರಲ್ಲಿ ತಿರುವು ದಾಟಿ ಕಾರು ಹುಲ್ಲಿನ ಮೇಲಿತ್ತು. ಪ್ಯಾಡ್ ಹೊಸದಾಗಿತ್ತು, ಡಿಸ್ಕ್ ಚೆನ್ನಾಗಿತ್ತು. ನಾಲ್ಕು ವರ್ಷದಿಂದ ಬ್ರೇಕ್ ಆಯಿಲ್ ಬದಲಿಸಿರಲಿಲ್ಲ. ಆ ಕಾಲಿನ ಕೆಳಗಿನ ಖಾಲಿತನ ನನಗೆ ಇನ್ನೂ ನೆನಪಿದೆ, ಅದಕ್ಕೇ ಈ ಭಾಗವನ್ನು ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಬ್ರೇಕ್ ಆಯಿಲ್ ಅಂತ ನಾವು ಕರೆಯುವ ಫ್ಲೂಯಿಡ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ಕುದಿದಾಗ ಆವಿಯ ಗುಳ್ಳೆ ಏಳುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಆವಿಯನ್ನು ಆಗುತ್ತದೆ, ಹಾಗಾಗಿ ನೀವು ಒತ್ತಿದ್ದೆಲ್ಲ ಗುಳ್ಳೆ ಕುಗ್ಗಿಸುವುದಕ್ಕೇ ಹೋಗುತ್ತದೆ. ಡಾಟ್ ಅನ್ನುವುದು ಫ್ಲೂಯಿಡ್‌ನ ದರ್ಜೆ. ಡಾಟ್ 3 ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ, ತೇವ ಹೀರಿದ ಮೇಲೆ ಅದು 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ಟ್ರ್ಯಾಕ್‌ಗೆ ಅಂತಲೇ ಬರುವ ಡಾಟ್ 4 ಫ್ಲೂಯಿಡ್‌ಗಳು ಹೊಸದಿದ್ದಾಗ 300 ಡಿಗ್ರಿ ದಾಟುತ್ತವೆ. ನಿಮ್ಮ ಕಾರಿಗೆ ಡಾಟ್ 3 ಅಂತ ಬರೆದಿದ್ದರೂ ಒಳ್ಳೆ ಡಾಟ್ 4 ಹಾಕಬಹುದು. ಆದರೆ ಡಾಟ್ 5 ಬೇರೆ, ಅದು ಸಿಲಿಕೋನ್, ಇವುಗಳ ಜೊತೆ ಬೆರೆಸಬಾರದು. 5 ಮತ್ತು 5.1 ನಡುವೆ ಗೊಂದಲ ಮಾಡಿಕೊಳ್ಳುವವರು ಬಹಳ ಜನ, ಡಬ್ಬಿ ಮೇಲಿನ ಚುಕ್ಕೆಯನ್ನೂ ಓದಿ.

ಬದಲಿಸುವುದು ಮನೆಯಲ್ಲೇ ಆಗುತ್ತದೆ, ಇಬ್ಬರು ಬೇಕು. ಬ್ಲೀಡ್ ನಿಪ್ಪಲ್‌ಗೆ (ಪ್ರತಿ ಚಕ್ರದ ಬ್ರೇಕ್‌ನಲ್ಲಿ ಫ್ಲೂಯಿಡ್ ಹೊರಬಿಡುವ ಪುಟ್ಟ ತೂತಿನ ಸ್ಕ್ರೂ) ಒಂದು ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಯಲ್ಲಿ ಸ್ವಲ್ಪ ಫ್ಲೂಯಿಡ್ ಒಳಗೆ ಮುಳುಗಿರಲಿ. ಒಳಗೆ ಕೂತವರು ಒತ್ತಿ ಹಿಡಿದು "ಹಿಡಿದೆ" ಅನ್ನಬೇಕು, ನೀವು ನಿಪ್ಪಲ್ ಅರ್ಧ ಸುತ್ತು ಬಿಚ್ಚಿ, ಹರಿವು ನಿಲ್ಲುವ ಮುಂಚೆ ಮುಚ್ಚಿ, ಆಮೇಲೆ "ಬಿಡಿ" ಅನ್ನಬೇಕು. ಈ ಕ್ರಮ ತಪ್ಪಿದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಪೈಪಿನಲ್ಲಿ ಮೊದಲು ಕಂದು ಬಣ್ಣದ್ದು ಬರುತ್ತದೆ, ಕೆಲವೊಮ್ಮೆ ಕಪ್ಪು ಚೂರುಗಳೂ ಬರುತ್ತವೆ, ನಿಧಾನಕ್ಕೆ ತಿಳಿ ಹಳದಿ ಆಗುತ್ತದೆ. ತಿಳಿಯಾದ ಮೇಲೂ ಹತ್ತು ಸಲ ಜಾಸ್ತಿ ಬಿಡಿ. ಮೇಲಿನ ಡಬ್ಬಿ ಖಾಲಿಯಾಗದಂತೆ ಪದೇ ಪದೇ ತುಂಬಿಸುತ್ತಿರಿ. ಹಳೆ ಕಾರಿನಲ್ಲಿ ಇನ್ನೊಂದು ಜೋಪಾನ: ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟು ನೆಲದವರೆಗೂ ಹೋಗದಂತೆ ಮಾಡಿ. ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗೆ ಇಷ್ಟು ವರ್ಷ ಪಿಸ್ಟನ್ ತಲುಪದೇ ಇದ್ದ ಜಾಗದಲ್ಲಿ ತುಕ್ಕು ಕೂತಿರುತ್ತದೆ, ಅದರ ಮೇಲೆ ಸೀಲ್ ಹಾಯ್ದರೆ ಹರಿಯುತ್ತದೆ. ಯಾವ ಚಕ್ರ ಮೊದಲು ಅನ್ನುವುದು ನಿಮ್ಮ ಕಾರಿನ ಮ್ಯಾನುಯಲ್‌ನಲ್ಲಿ ಇರುತ್ತದೆ, ಎಲ್ಲ ಕಾರಿಗೂ ಒಂದೇ ಕ್ರಮ ಅಲ್ಲ. ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಪ್ಯಾಡ್ ಆಮೇಲಿನ ಮಾತು. ಸಾಮಾನ್ಯ ರಸ್ತೆ ಪ್ಯಾಡ್ ಟ್ರ್ಯಾಕ್ ಬಿಸಿಗೆ ಹಿಡಿತ ಕಳೆದುಕೊಳ್ಳುತ್ತದೆ. ಇದು ಪ್ಯಾಡ್ ಫೇಡ್. ಇಲ್ಲಿ ಪೆಡಲ್ ಗಟ್ಟಿಯಾಗೇ ಇರುತ್ತದೆ, ಎಷ್ಟು ಒತ್ತಿದರೂ ಕಾರು ನಿಲ್ಲುವುದಿಲ್ಲ. ಪೆಡಲ್ ಮೆತ್ತಗಾದರೆ ಫ್ಲೂಯಿಡ್ ಕುದಿದಿದೆ. ಈ ಎರಡರ ವ್ಯತ್ಯಾಸ ಕಾಲಿಗೆ ಗೊತ್ತಿರಲಿ, ಎರಡರಲ್ಲೂ ತಕ್ಷಣ ಮಾಡಬೇಕಾದ್ದು ವೇಗ ಇಳಿಸಿ, ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗವಾದ ಪಿಟ್‌ಗೆ ಬರುವುದೇ.

ಅಪ್ಪಟ ರೇಸ್ ಪ್ಯಾಡ್ ಕೊಳ್ಳಬೇಡಿ. ಅವು ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ, ಕಿರುಚುತ್ತವೆ, ಟ್ರ್ಯಾಕ್‌ವರೆಗೆ ಓಡಿಸಿಕೊಂಡು ಹೋಗುವುದೇ ಅಪಾಯ. ರಸ್ತೆಗೂ ಟ್ರ್ಯಾಕ್‌ಗೂ ಆಗುವ ನಡುವಿನ ಪ್ಯಾಡ್ ಸಾಕು. ಹೊಸ ಪ್ಯಾಡ್ ಹಾಕಿದ ಮೇಲೆ ಖಾಲಿ ಜಾಗದಲ್ಲಿ ಎಂಟು ಹತ್ತು ಸಲ ಗಟ್ಟಿಯಾಗಿ ವೇಗ ಇಳಿಸಿ, ಪೂರ್ತಿ ನಿಲ್ಲಿಸದೆ, ಆಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣ್ಣಗೆ ಮಾಡಿ. ಪ್ಯಾಡಿನ ತೆಳು ಪದರ ಡಿಸ್ಕ್ ಮೇಲೆ ಸಮವಾಗಿ ಕೂರುವುದು ಹೀಗೇ. ಪ್ಯಾಡ್ ತಯಾರಿಸಿದವರು ಬೇರೆ ಕ್ರಮ ಕೊಟ್ಟಿದ್ದರೆ ಅದನ್ನೇ ಮಾಡಿ.

ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಬಿಚ್ಚಿದಾಗ ಸ್ಲೈಡ್ ಪಿನ್‌ಗಳನ್ನು ಹೊರಗೆ ತೆಗೆದು ಒರೆಸಿ, ಅದಕ್ಕೆ ಬೇಕಾದ ಗ್ರೀಸ್ ಹಚ್ಚಿ. ಹಳೆ ಕಾರಿನಲ್ಲಿ ಒಂದು ಪಿನ್ನಾದರೂ ಕಚ್ಚಿಕೊಂಡಿರುತ್ತದೆ, ಆಗ ಒಂದೇ ಪ್ಯಾಡ್ ಓರೆಯಾಗಿ ಸವೆದಿರುತ್ತದೆ. ಹಿಂದೆ ಡ್ರಮ್ ಇದ್ದರೆ ಅದನ್ನು ಡಿಸ್ಕ್ ಮಾಡಿಸುವ ಆಸೆ ಬಿಡಿ. ಮುಂದಿನ ಚಕ್ರಕ್ಕೇ ಕೆಲಸ ಜಾಸ್ತಿ ಇರುವ ಇಷ್ಟು ಹಗುರ ಕಾರಿಗೆ ಅದು ಸುಮ್ನೆ ಖರ್ಚು, ಮುಂದೆ ಹಿಂದೆ ಬ್ರೇಕ್ ಹಂಚಿಕೆಯೂ ಹಾಳಾಗಬಹುದು. ಡ್ರಮ್ ಬಿಚ್ಚಿ ಧೂಳು ಒದ್ದೆ ಬಟ್ಟೆಯಲ್ಲಿ ತೆಗೆದು, ಶೂ ಸರಿಯಾಗಿ ಅಡ್ಜಸ್ಟ್ ಮಾಡಿ, ಸಾಕು. ರಬ್ಬರ್ ಬ್ರೇಕ್ ಹೋಸ್ ಹಳತಾಗಿದ್ದರೆ ಬದಲಿಸಿ.

ಟೈರು, ಗಾಳಿ, ಮತ್ತೆ ಒಂದು ಸೀಮೆಸುಣ್ಣ

ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ ಟೈರ್ ನೋಡಲು ಎಷ್ಟೇ ಚೆನ್ನಾಗಿದ್ದರೂ ಟ್ರ್ಯಾಕ್‌ಗೆ ಬೇಡ, ರಬ್ಬರ್ ಗಟ್ಟಿಯಾಗಿರುತ್ತದೆ. ಅಗಲದ ಟೈರು, ದೊಡ್ಡ ರಿಮ್ ಹಾಕುವುದಕ್ಕಿಂತ ಕಂಪನಿ ಅಳತೆಯಲ್ಲೇ ಒಳ್ಳೆ ಹಿಡಿತದ ಟೈರ್ ಹಾಕಿ. ದೊಡ್ಡ ರಿಮ್ ಭಾರ, ಗೇರಿಂಗ್ ಬದಲಾಗುತ್ತದೆ, ಸಣ್ಣ ಇಂಜಿನ್‌ಗೆ ಅದು ಹೊರೆ. ಒಣ ಟ್ರ್ಯಾಕ್‌ನಲ್ಲಿ ಅರ್ಧ ಸವೆದ ಟೈರೇ ಹೊಸದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ, ಯಾಕೆಂದರೆ ಎತ್ತರದ ಹೊಸ ಗುಬುಟುಗಳು ಬಿಸಿಗೆ ಓಲಾಡುತ್ತವೆ. ಮಳೆ ಬಂದರೆ ಮಾತ್ರ ಇದು ಉಲ್ಟಾ.

ಗಾಳಿ ವಿಷಯಕ್ಕೆ ಬನ್ನಿ. ಟೈರಿನೊಳಗಿನ ಗಾಳಿ ಪ್ರತಿ 10 ಡಿಗ್ರಿ ಬಿಸಿಯಾದಂತೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಬೆಳಿಗ್ಗೆ 30 ಇಟ್ಟುಕೊಂಡು ಹೋದದ್ದು ಸೆಷನ್ ಮುಗಿಯುವಾಗ 36 ಆಗಿರುತ್ತದೆ, ಕಾರು ಜಾರಾಡಲು ಶುರುವಾಗುತ್ತದೆ, ನಾವು ಟೈರ್ ಸರಿಯಿಲ್ಲ ಅಂದುಕೊಳ್ಳುತ್ತೇವೆ. ಹಾಗಂತ ಮೊದಲೇ ತೀರ ಕಮ್ಮಿ ಮಾಡಿಕೊಂಡು ಹೋದರೆ ಟೈರಿನ ಅಂಚು ಮಡಚಿಕೊಂಡು ಪಕ್ಕದ ಗೋಡೆ ನೆಲಕ್ಕೆ ಉಜ್ಜುತ್ತದೆ. ಎಷ್ಟಿರಬೇಕು ಅನ್ನುವುದನ್ನು ಪಕ್ಕದ ಕಾರಿನವರನ್ನು ಕೇಳುವುದಕ್ಕಿಂತ ನಿಮ್ಮ ಟೈರನ್ನೇ ಕೇಳಿ. ಒಂದು ಸೀಮೆಸುಣ್ಣ ತೆಗೆದುಕೊಂಡು ನಾಲ್ಕೂ ಟೈರಿನ ಹೊರ ಅಂಚಿನಲ್ಲಿ, ನೆಲಕ್ಕೆ ತಾಗುವ ಭಾಗದಿಂದ ಪಕ್ಕದ ಗೋಡೆಯವರೆಗೆ, ಎರಡು ಬೆರಳಗಲದ ಗೆರೆ ಎಳೆಯಿರಿ. ಐದು ಲ್ಯಾಪ್ ಓಡಿಸಿ ಪಿಟ್‌ಗೆ ಬಂದು ಬಗ್ಗಿ ನೋಡಿ. ಎಷ್ಟು ದೂರ ಗೆರೆ ಅಳಿಸಿದೆಯೋ ಅಲ್ಲಿಯವರೆಗೆ ಟೈರ್ ಹೊರಳಿದೆ. ಬಹಳಷ್ಟು ಟೈರುಗಳ ಅಂಚಿನಲ್ಲಿ ಒಂದು ಪುಟ್ಟ ತ್ರಿಕೋನದ ಗುರುತು ಇರುತ್ತದೆ. ಅದರ ತುದಿಯವರೆಗೆ ಅಳಿಸಿದ್ದರೆ ಗಾಳಿ ಸರಿ ಇದೆ. ಅದನ್ನೂ ದಾಟಿ ಕೆಳಗೆ ಹೋಗಿದ್ದರೆ ಎರಡು ಪಿಎಸ್‌ಐ ಜಾಸ್ತಿ ಮಾಡಿ. ಅಲ್ಲಿಗೆ ಮುಟ್ಟದೆ ಗೆರೆ ಹಾಗೇ ಉಳಿದಿದ್ದರೆ ಸ್ವಲ್ಪ ಬಿಡಿ. ಮುಂದಿನ ಚಕ್ರದ ಉತ್ತರ ಬೇರೆ, ಹಿಂದಿನದು ಬೇರೆ, ಎಡದ್ದು ಬಲದ್ದೂ ಬೇರೆ ಬರಬಹುದು. ಅಳತೆ ಕಾರು ನಿಂತ ಒಂದೆರಡು ನಿಮಿಷದಲ್ಲೇ ಆಗಬೇಕು, ಹರಟೆ ಹೊಡೆದು ಬಂದು ನೋಡಿದರೆ ಅಂಕಿ ಬೇರೆ ಇರುತ್ತದೆ.

ಚಕ್ರದ ಕೋನ

ಮುಂದಿನ ಚಕ್ರವೇ ತಿರುಗಬೇಕು, ಅದೇ ಎಳೆಯಬೇಕು, ಅದೇ ಬ್ರೇಕ್ ಹಿಡಿಯಬೇಕು. ಹಾಗಾಗಿ ಪುಟ್ಟ ಹ್ಯಾಚ್‌ಬ್ಯಾಕ್ ತಿರುವಿನಲ್ಲಿ ಮೂತಿಯನ್ನು ಹೊರಗೆ ತಳ್ಳಿಕೊಂಡು ಹೋಗುತ್ತದೆ. ಇದೇ ಅಂಡರ್‌ಸ್ಟಿಯರ್. ಕಾರು ಓಲಿದಾಗ ಹೊರಗಿನ ಚಕ್ರ ತನ್ನ ಹೊರ ಅಂಚಿನ ಮೇಲೆ ನಿಂತುಬಿಡುತ್ತದೆ, ಟೈರಿನ ಒಳ ಅರ್ಧ ಕೆಲಸವನ್ನೇ ಮಾಡುವುದಿಲ್ಲ. ಚಕ್ರದ ತಲೆಯನ್ನು ಮೊದಲೇ ಸ್ವಲ್ಪ ಒಳಗೆ ವಾಲಿಸಿದರೆ, ಅಂದರೆ ನೆಗೆಟಿವ್ ಕ್ಯಾಂಬರ್ ಕೊಟ್ಟರೆ, ಓಲಿದ ಹೊತ್ತಿನಲ್ಲಿ ಟೈರ್ ಚಪ್ಪಟೆಯಾಗಿ ನೆಲಕ್ಕೆ ಕೂರುತ್ತದೆ. ಕಂಪನಿಯಿಂದ ಬಂದಾಗ ಇದು ಸೊನ್ನೆಯ ಹತ್ತಿರ ಇರುತ್ತದೆ. ಮುಂದೆ ಒಂದೂವರೆಯಿಂದ ಎರಡು ಡಿಗ್ರಿ ಕೊಟ್ಟು ನೋಡಿ. ಸ್ಟ್ರಟ್ ಮತ್ತು ನಕಲ್ (ಚಕ್ರದ ಬೇರಿಂಗ್ ಕೂರುವ ಭಾಗ) ಸೇರುವಲ್ಲಿ ಹಾಕುವ ಕ್ಯಾಂಬರ್ ಬೋಲ್ಟ್ ಬಹಳ ಕಾರುಗಳಿಗೆ ಸಿಗುತ್ತದೆ, ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಅದರಿಂದಲೇ ಬರುತ್ತದೆ. ಕೊಡುವ ಖರ್ಚಿಗೆ ಇಷ್ಟು ಬದಲಾವಣೆ ಕೊಡುವ ವಸ್ತು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಕ್ಯಾಂಬರ್ ಬದಲಿಸಿದರೆ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಕೂಡ ಬದಲಾಗುತ್ತದೆ, ಅಲೈನ್‌ಮೆಂಟ್ ಮಾಡಿಸದೆ ಓಡಿಸಬೇಡಿ. ಮುಂದೆ ಟೋ ಸೊನ್ನೆ ಇಟ್ಟುಕೊಳ್ಳಿ ಸಾಕು.

ಇನ್ನು ಕಾರನ್ನು ತಗ್ಗಿಸುವ ವಿಷಯ. ತಗ್ಗಿಸಿದರೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಒಂದು ಹಂತದವರೆಗೆ ಅದು ನಿಜ. ಆದರೆ ಮುಂದೆ ಸ್ಟ್ರಟ್ ಇರುವ ಕಾರಿನಲ್ಲಿ ಲೋವರ್ ಆರ್ಮ್ ಸುಮಾರು ನೆಲಕ್ಕೆ ಸಮನಾಗಿ ಇರಬೇಕು. ಜಾಸ್ತಿ ತಗ್ಗಿಸಿದಾಗ ಆರ್ಮ್‌ನ ಚಕ್ರದ ಕಡೆಯ ತುದಿ ಮೇಲಾಗುತ್ತದೆ, ಆಗ ಕಾರು ಯಾವ ಬಿಂದುವಿನ ಸುತ್ತ ಓಲುತ್ತದೋ ಆ ಬಿಂದು ಕಾರಿನ ತೂಕಕ್ಕಿಂತ ಬೇಗ ಕೆಳಗಿಳಿಯುತ್ತದೆ. ತೂಕಕ್ಕೂ ಆ ಬಿಂದುವಿಗೂ ದೂರ ಜಾಸ್ತಿಯಾದಷ್ಟೂ ಓಲುವ ಬಲ ಜಾಸ್ತಿ. ಓಲಾಟ ಕಮ್ಮಿ ಮಾಡಲು ತಗ್ಗಿಸಿದ್ದು, ಓಲಾಟವೇ ಜಾಸ್ತಿ ಆಯಿತು. ಊದೋದು ಕೊಟ್ಟು ಬಾರಿಸೋದು ತಗೊಂಡ ಹಾಗೆ. 25, 30 ಮಿ.ಮೀ.ಗಿಂತ ಕೆಳಗೆ ಹೋಗಬೇಡಿ. ಸ್ಪ್ರಿಂಗ್ ಕತ್ತರಿಸುವುದಂತೂ ಬೇಡವೇ ಬೇಡ, ಚಕ್ರ ಜೋತಾಡಿದಾಗ ಅದು ತನ್ನ ಜಾಗ ಬಿಟ್ಟು ಹೊರಬರಬಹುದು. ಹೊಸ ಸ್ಪ್ರಿಂಗ್ ಹಾಕಿದರೆ ಅದಕ್ಕೆ ಒಪ್ಪುವ ಶಾಕ್ ಅಬ್ಸಾರ್ಬರ್ ಕೂಡ ಜೊತೆಗೇ ಹಾಕಿ.

ಹಿಂದಿನ ಆಕ್ಸಲ್‌ಗೆ ದಪ್ಪ ಆಂಟಿ ರೋಲ್ ಬಾರ್ (ಓಲಾಟ ತಡೆಯುವ ಕಬ್ಬಿಣದ ಸರಳು) ಹಾಕಿದರೆ ಮೂತಿ ಚುರುಕಾಗುತ್ತದೆ. ನಿಜ. ಆದರೆ ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್‌ನಿಂದ ತಟ್ಟನೆ ಕಾಲು ತೆಗೆದರೆ ಹಿಂಭಾಗ ಸುತ್ತಿಕೊಂಡು ಬರುತ್ತದೆ. ಹೊಸಬರು ಹೆದರಿದಾಗ ಮೊದಲು ಮಾಡುವುದೇ ಕಾಲು ತೆಗೆಯುವುದು. ಮೊದಲ ಎರಡು ಮೂರು ಟ್ರ್ಯಾಕ್ ಡೇ ಕಂಪನಿಯ ಹಿಂಭಾಗವನ್ನೇ ಇಟ್ಟುಕೊಳ್ಳಿ.

ಇಂಜಿನ್ ತಣ್ಣಗಿರಲಿ

ರೇಡಿಯೇಟರ್ ರೆಕ್ಕೆಗಳ ನಡುವೆ ಇಷ್ಟು ವರ್ಷದ ಧೂಳು, ಹುಳ, ಎಲೆ ಎಲ್ಲ ಸೇರಿರುತ್ತವೆ. ಕಮ್ಮಿ ಒತ್ತಡದ ನೀರನ್ನು ಇಂಜಿನ್ ಕಡೆಯಿಂದ ಹೊರಗೆ ಹಾಯಿಸಿ ತೊಳೆಯಿರಿ. ರೇಡಿಯೇಟರ್‌ನ ಪ್ಲಾಸ್ಟಿಕ್ ಭಾಗ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಸೀಳುವ ಹೊತ್ತು ಹತ್ತಿರ ಬಂದಿದೆ ಅಂತ ಅರ್ಥ. ಹೋಸ್‌ಗಳನ್ನು ತಣ್ಣಗಿರುವಾಗ ಹಿಸುಕಿ ನೋಡಿ. ಮುಚ್ಚಳ ಸಣ್ಣ ವಸ್ತು, ಆದರೆ ದೊಡ್ಡ ಕೆಲಸ ಅದರದ್ದು: ಸುಮಾರು ಒಂದು ಬಾರ್ ಒತ್ತಡ ಹಿಡಿದಿಟ್ಟರೆ ಬರೀ ನೀರು ಕೂಡ 120 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ. ಮುಚ್ಚಳದ ರಬ್ಬರ್ ಹೋಗಿದ್ದರೆ ಆ ಒತ್ತಡ ನಿಲ್ಲುವುದಿಲ್ಲ. ಹೊಸ ಮುಚ್ಚಳ, ಹೊಸ ಕೂಲೆಂಟ್, ಕೆಲಸ ಮಾಡುವ ಥರ್ಮೋಸ್ಟಾಟ್. ಥರ್ಮೋಸ್ಟಾಟ್ ಕಿತ್ತು ಬಿಸಾಡಿದರೆ ತಣ್ಣಗಿರುತ್ತದೆ ಅನ್ನುವ ಮಾತು ಕೇಳಬೇಡಿ, ಇಂಜಿನ್ ಸರಿಯಾದ ಬಿಸಿಗೆ ಬರುವುದೂ ಅಷ್ಟೇ ಮುಖ್ಯ.

ಡ್ಯಾಶ್‌ಬೋರ್ಡ್‌ನ ಮುಳ್ಳನ್ನು ಪೂರ್ತಿ ನಂಬಬೇಡಿ. ಬಹಳ ಕಾರುಗಳಲ್ಲಿ ಅದು ಮಧ್ಯದಲ್ಲೇ ಕೂತಿದ್ದು, ಏಳುವ ಹೊತ್ತಿಗೆ ತಡವಾಗಿರುತ್ತದೆ. ಕಾರಿನ ಕಂಪ್ಯೂಟರ್ ಮಾಹಿತಿ ಓದುವ ಓಬಿಡಿ ಪೋರ್ಟ್ ಇದ್ದರೆ ಒಂದು ಸಣ್ಣ ರೀಡರ್ ಹಾಕಿ ಫೋನಿನಲ್ಲಿ ನಿಜವಾದ ಡಿಗ್ರಿ ನೋಡಿಕೊಳ್ಳಿ, ಫೋನ್ ಗಟ್ಟಿಯಾಗಿ ಕಟ್ಟಿರಬೇಕು. ಬಿಸಿ ಏರುತ್ತಿದ್ದರೆ ಮೇಲಿನ ಗೇರ್‌ಗೆ ಹಾಕಿ ನಿಧಾನ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ, ಅಲ್ವಾ? ನಿಮಗೆ ಬೆವರು ಕಿತ್ತುಕೊಂಡು ಬರುತ್ತದೆ, ಇಂಜಿನ್ ಉಳಿಯುತ್ತದೆ.

ಇಂಜಿನ್ ಆಯಿಲ್ ಹೊಸದು ಹಾಕಿ, ಡಿಪ್‌ಸ್ಟಿಕ್‌ನ ಮೇಲಿನ ಗೆರೆಗೆ ಸರಿಯಾಗಿ ತುಂಬಿಸಿ. ಉದ್ದ ತಿರುವಿನಲ್ಲಿ ಆಯಿಲ್, ಇಂಜಿನ್ ತಳದಲ್ಲಿ ಅದು ನಿಲ್ಲುವ ತಟ್ಟೆಯಾದ ಸಂಪ್‌ನ ಒಂದು ಮೂಲೆಗೆ ಸೇರಿಕೊಂಡು ಪಂಪ್ ಗಾಳಿ ಹೀರುವ ಸಾಧ್ಯತೆ ಇದೆ. ಹಾಗೆಂದು ಗೆರೆ ದಾಟಿ ತುಂಬಿಸಿದರೂ ತೊಂದರೆಯೇ, ಕ್ರ್ಯಾಂಕ್ ಶಾಫ್ಟ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ತಿರುವಿನಲ್ಲಿ ಆಯಿಲ್ ದೀಪ ಒಂದು ಕ್ಷಣ ಮಿಂಚಿದರೂ ಅವತ್ತಿಗೆ ಆ ತಿರುವನ್ನು ನಿಧಾನಕ್ಕೆ ತೆಗೆದುಕೊಳ್ಳಿ. ಪೆಟ್ರೋಲ್ ಕೂಡ ಹೀಗೇ, ಅರ್ಧ ಟ್ಯಾಂಕ್‌ಗಿಂತ ಕೆಳಗೆ ಬಿಡಬೇಡಿ.

ಪವರ್ ಜಾಸ್ತಿ ಮಾಡುವ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಹೊಸ ಸ್ಪಾರ್ಕ್ ಪ್ಲಗ್, ಸ್ವಚ್ಛ ಏರ್ ಫಿಲ್ಟರ್, ಜಾರದ ಕ್ಲಚ್. ಕಮ್ಮಿ ಪವರ್ ಇರುವ ಕಾರಿನಲ್ಲಿ ತಿರುವಿನಲ್ಲಿ ಕಳೆದುಕೊಂಡ ವೇಗ ನೇರ ದಾರಿಯಲ್ಲಿ ವಾಪಸ್ ಸಿಗುವುದಿಲ್ಲ, ಹಾಗಾಗಿ ಸರಿಯಾದ ಗೆರೆ ಹಿಡಿದು ಓಡಿಸಲು ಅದೇ ಕಲಿಸುತ್ತದೆ.

ತೂಕ, ಸೀಟು, ಬೆಲ್ಟು

ತೂಕ ಇಳಿಸುವುದು ಬಿಟ್ಟಿ ಕೆಲಸ. ಸ್ಟೆಪ್ನಿ, ಜಾಕ್, ಹಿಂದಿನ ಪಾರ್ಸೆಲ್ ಟ್ರೇ, ಫ್ಲೋರ್ ಮ್ಯಾಟ್, ಡ್ಯಾಶ್‌ಬೋರ್ಡ್ ಮೇಲಿನ ಬೊಂಬೆ, ಸೀಟಿನ ಕೆಳಗೆ ಉರುಳಿ ಹೋದ ನೀರಿನ ಬಾಟಲಿ ಎಲ್ಲ ಹೊರಗೆ. ಬಾಟಲಿ ಉರುಳಿಕೊಂಡು ಬ್ರೇಕ್ ಪೆಡಲ್ ಹಿಂದೆ ಸಿಕ್ಕಿಕೊಂಡರೆ ಏನಾಗುತ್ತದೆ ಅಂತ ಒಂದು ಸಲ ಯೋಚಿಸಿ ಸಾಕು. ಹಿಂದಿನ ಸೀಟನ್ನೂ ಬಿಚ್ಚಬಹುದು. ಬಿಚ್ಚಿದ ಮೇಲೆ ಹಿಂಭಾಗ ಹಗುರಾಗಿ ಹಿಂದಿನ ಚಕ್ರ ಮೊದಲು ಲಾಕ್ ಆಗಬಹುದು, ಅದರಲ್ಲೂ ಎಬಿಎಸ್ ಇಲ್ಲದ ಕಾರಿನಲ್ಲಿ. ಖಾಲಿ ಜಾಗದಲ್ಲಿ ನೇರ ಓಡಿಸಿ ಗಟ್ಟಿ ಬ್ರೇಕ್ ಹಾಕಿ ನೋಡಿ, ಹಿಂದೆ ಅಲ್ಲಾಡಿದರೆ ಸೀಟು ವಾಪಸ್ ಹಾಕಿ.

ಸುರಕ್ಷತೆಯ ಸಾಮಾನು ಅರ್ಧಂಬರ್ಧ ಹಾಕಬೇಡಿ. ರೋಲ್ ಕೇಜ್ (ಕಾರಿನೊಳಗೆ ಕೂರಿಸುವ ಕಬ್ಬಿಣದ ಪಂಜರ) ಹಾಕಿ ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಓಡಿಸಿದರೆ ಅಪಘಾತದಲ್ಲಿ ತಲೆ ಹೊಡೆಯುವುದು ಆ ಕಬ್ಬಿಣಕ್ಕೇ. ರೇಸ್ ಬೆಲ್ಟ್‌ಗೆ ಅದಕ್ಕೆ ಸರಿಯಾದ ಸೀಟು, ಸರಿಯಾದ ಕೋನದಲ್ಲಿ ಹಿಡಿಯುವ ಗಟ್ಟಿ ಜಾಗ ಎರಡೂ ಬೇಕು. ಅಷ್ಟು ಮಾಡುವುದಿಲ್ಲವಾದರೆ ಕಂಪನಿಯ ಸೀಟು, ಕಂಪನಿಯ ಮೂರು ಪಾಯಿಂಟ್ ಬೆಲ್ಟೇ ಒಳ್ಳೆಯದು. ಹೆಲ್ಮೆಟ್ ಕೊಳ್ಳುವಾಗ ಒಂದು ವಿಷಯ: ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಎಸ್‌ಎ ಗುರುತಿನದ್ದು ಕಾರಿಗೆ, ಅದರಲ್ಲಿ ಬೆಂಕಿ ತಡೆಯುವ ಪರೀಕ್ಷೆ ಇರುತ್ತದೆ, ಎಂ ಗುರುತಿನದ್ದು ಬೈಕಿಗೆ. ಯಾವುದು ನಡೆಯುತ್ತದೆ, ಶಬ್ದದ ಮಿತಿ ಎಷ್ಟು, ಟೋ ಹುಕ್ ಬೇಕಾ, ಇದನ್ನು ನಡೆಸುವವರ ಹತ್ತಿರ ಮೊದಲೇ ಕೇಳಿ. ಇನ್ಶೂರೆನ್ಸ್ ಕಾಗದವನ್ನೂ ಓದಿ, ಸಾಮಾನ್ಯ ಪಾಲಿಸಿಗಳು ಟ್ರ್ಯಾಕ್‌ನಲ್ಲಾದ ನಷ್ಟವನ್ನು ಹೆಚ್ಚಾಗಿ ಕೊಡುವುದಿಲ್ಲ.

ಆ ದಿನ

ಹೊರಡುವ ಮುಂಚೆ ವೀಲ್ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ, ಮ್ಯಾನುಯಲ್ ಹೇಳಿದ ಅಳತೆಗೆ ಬಿಗಿ ಮಾಡಿ. ಮೊದಲ ಸೆಷನ್ ಮುಗಿದು ಚಕ್ರ ಆರಿದ ಮೇಲೆ ಮತ್ತೆ ನೋಡಿ, ಒಂದೆರಡು ಸಡಿಲ ಆಗಿರುವುದು ಹೊಸತೇನಲ್ಲ. ವೀಲ್ ಕವರ್ ತೆಗೆದುಬಿಡಿ, ಅವು ಹಾರುತ್ತವೆ. ಬೆಳಿಗ್ಗೆ ಬ್ರೀಫಿಂಗ್‌ನಲ್ಲಿ ಬಾವುಟಗಳ ಬಗ್ಗೆ ಹೇಳುವುದನ್ನು ಗಮನವಿಟ್ಟು ಕೇಳಿ, ಬಾವುಟ ತೋರಿಸುವ ಯಾವ ಮಾರ್ಷಲ್ ಎಲ್ಲಿ ನಿಂತಿರುತ್ತಾರೆ ಅಂತ ಮೊದಲ ನಿಧಾನ ಲ್ಯಾಪ್‌ನಲ್ಲೇ ನೋಡಿಟ್ಟುಕೊಳ್ಳಿ.

ಸೆಷನ್ ಇಪ್ಪತ್ತು ನಿಮಿಷ ಇದ್ದರೂ ಹಳೆ ಕಾರನ್ನು ಅಷ್ಟೂ ಹೊತ್ತು ಹಿಂಡಬೇಕಾಗಿಲ್ಲ. ಒಂದು ಲ್ಯಾಪ್ ಬೆಚ್ಚಗಾಗಲು, ಮೂರು ನಾಲ್ಕು ಲ್ಯಾಪ್ ಜೋರಾಗಿ, ಆಮೇಲೆ ಒಂದು ಪೂರ್ತಿ ಲ್ಯಾಪ್ ಬ್ರೇಕ್ ಆದಷ್ಟು ಮುಟ್ಟದೆ ತಣ್ಣಗೆ. ಪಿಟ್‌ನಲ್ಲಿ ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಬ್ರೇಕ್ ಪೆಡಲ್ ಮೇಲೂ ಕಾಲಿಡಬೇಡಿ. ಬಿಸಿ ಡಿಸ್ಕ್‌ಗೆ ಪ್ಯಾಡ್ ಒತ್ತಿ ಹಿಡಿದರೆ ಅಲ್ಲೇ ಅಂಟಿದ ಗುರುತು ಬೀಳುತ್ತದೆ, ಆಮೇಲೆ ಪ್ರತಿ ಸಲ ಬ್ರೇಕ್ ಹಾಕಿದಾಗ ಸ್ಟಿಯರಿಂಗ್ ನಡುಗುತ್ತದೆ. ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಒಂದು ಕಟ್ಟಿಗೆ ತುಂಡು ಕೊಡಿ, ಬಾನೆಟ್ ಎತ್ತಿಡಿ.

ಒಂದು ಪುಸ್ತಕದಲ್ಲಿ ಪ್ರತಿ ಸೆಷನ್ನಿನ ಗಾಳಿ, ಸೀಮೆಸುಣ್ಣದ ಗೆರೆ, ಪೆಡಲ್ ಹೇಗನ್ನಿಸಿತು, ಕೂಲೆಂಟ್ ಎಷ್ಟು ಡಿಗ್ರಿಗೆ ಹೋಯಿತು ಅಂತ ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ವಾಪಸ್ ಹೊರಡುವ ಮುಂಚೆ ಟೈರಿಗೆ ಮತ್ತೆ ಗಾಳಿ ತುಂಬಿಸಿ, ಬಿಸಿಯಿದ್ದಾಗ ಬಿಟ್ಟದ್ದರಿಂದ ತಣ್ಣಗಾದ ಮೇಲೆ ಅದು ತೀರ ಕಮ್ಮಿ ಇರುತ್ತದೆ. ಪ್ಯಾಡ್ ಎಷ್ಟು ಉಳಿದಿದೆ ಅಂತ ಅಲ್ಲೇ ಬಗ್ಗಿ ನೋಡಿ. ಮುಂದಿನ ಪ್ಯಾಡ್ 5 ಮಿ.ಮೀ.ಗಿಂತ ತೆಳುವಾಗಿದ್ದರೆ ರಸ್ತೆಗೆ ಇನ್ನೂ ಸ್ವಲ್ಪ ದಿನ ನಡೆಯಬಹುದು, ಮುಂದಿನ ಟ್ರ್ಯಾಕ್ ಡೇಗೆ ಮಾತ್ರ ಹೊಸ ಜೋಡಿ ಬೇಕು.